ದಿನದ ಧಮ್ಮ ಚಿಂತನೆ: ಗುಡ್ಡ ಕುಸಿದದ್ದು ಯಾರ ಕರ್ಮ?



ಧಮ್ಮ ಬಂಧುಗಳೇ, ಮಳೆಗಾಲದಲ್ಲಿ ನಮ್ಮ ಕಡೆ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: "ಅವರ ಕರ್ಮ, ಎಂತ ಮಾಡೂದು?" 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಜರಿದು ಒಂದೇ ಮನೆಯ ನಾಲ್ವರು ಮಣ್ಣಿನಡಿ ಸಿಕ್ಕಾಗಲೂ ಕೇಳಿದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಚಹಾದಂಗಡಿ ಕೊಚ್ಚಿ ಹೋದಾಗಲೂ ಕೇಳಿದೆ. ಸತ್ತವರ ಹಿಂದಿನ ಜನ್ಮದ ಲೆಕ್ಕಪುಸ್ತಕ ಇವರ ಕೈಗೆ ಕೊಟ್ಟವರು ಯಾರೋ!

ಮೋಳಿಯ ಸೀವಕ ಎಂಬ ಪರಿವ್ರಾಜಕ ಇದನ್ನೇ ಬುದ್ಧರ ಬಳಿ ಕೇಳಿದ್ದ: ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲವೇ? ಬುದ್ಧರು ಒಪ್ಪಲಿಲ್ಲ. ಪಿತ್ತ, ಕಫ, ವಾತ, ಋತುವಿನ ಬದಲಾವಣೆ ಎಂದು ಎಂಟು ಕಾರಣ ಎಣಿಸಿದರು. ಕರ್ಮ ಅವುಗಳಲ್ಲಿ ಒಂದು, ಅಷ್ಟೇ. ಹಿಂದಿನ ಜನ್ಮದ ಕರ್ಮವೆಂಬ ವಾದವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಪೂರ್ತಿಯಾಗಿ ತಳ್ಳಿಹಾಕಿದರು. ಬಡವನ ಬಡತನಕ್ಕೆ ಬಡವನೇ ಹೊಣೆ ಎನ್ನಲು ಇದ್ದ ವಾದ ಅದು.

ನಮಗೆ ಹಿತವೆನಿಸುವ ಮಾತನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. 1934ರ ಬಿಹಾರ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ದೇವರ ಶಿಕ್ಷೆ ಎಂದರು ಗಾಂಧೀಜಿ. ರವೀಂದ್ರನಾಥ ಟಾಗೋರರು ವಿರೋಧಿಸಿದರು. ನಾನು ಟಾಗೋರರ ಕಡೆ. ಕುಸಿದ ಗೋಡೆ ಅಸ್ಪೃಶ್ಯರ ಮಕ್ಕಳ ಮೇಲೂ ಬಿತ್ತಲ್ಲ?

ಹಾಗಾದರೆ ಗುಡ್ಡ ಏಕೆ ಕುಸಿಯಿತು? ಇದು ಇದ್ದರೆ ಅದು ಆಗುತ್ತದೆ ಎಂಬ ಪಟಿಚ್ಚ ಸಮುಪ್ಪಾದದಿಂದಲೇ ನೋಡೋಣ. ಚಿರೆಕಲ್ಲಿನ ಅಡಿಯ ಜೇಡಿ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಬುಡವನ್ನು ನೆಟ್ಟಗೆ ಕಡಿದಿದ್ದರೆ ಆ ಭಾರಕ್ಕೆ ಆಸರೆಯಿಲ್ಲ. 2017ರಲ್ಲಿ ಕುಮಟಾದ ತಂಡ್ರಕುಳಿಯಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಮನೆಗಳ ಮೇಲೆ ಬಂದು ಮಕ್ಕಳು ಸತ್ತರು. ಇಳಿಜಾರಿನ ಬುಡದಲ್ಲಿ ಮನೆ ಕಟ್ಟಿಕೊಂಡವರಲ್ಲಿ ಅನೇಕರು ಬೇರೆಲ್ಲೂ ನಾಲ್ಕು ಗುಂಟೆ ಸಿಗದವರು. ಅದೂ ಕಾರಣವೇ. ಕರ್ಮ ಎಂದುಬಿಟ್ಟರೆ ಕಡಿದವರನ್ನು ಕೇಳುವವರೂ ಇಲ್ಲ, ಮುಂದಿನ ಮಳೆಗೆ ತಯಾರಾಗುವವರೂ ಇಲ್ಲ.

ಗುಡ್ಡದಲ್ಲಿ ಹೊಸ ಬಿರುಕು, ವಾಲಿದ ಮರ, ಒರತೆಯಲ್ಲಿ ಇದ್ದಕ್ಕಿದ್ದಂತೆ ಕೆಂಪು ನೀರು ಕಂಡರೆ ನಡುರಾತ್ರಿಯಾದರೂ ಮನೆ ಬಿಡಿ. 1077ಕ್ಕೆ ಫೋನ್ ಮಾಡಿ. ಹೊನ್ನಾವರದ ಶರಾವತಿ ದಂಡೆಯವರು, ಗೇರುಸೊಪ್ಪಾ ಅಣೆಕಟ್ಟಿನ ನೀರು ಬಿಡುವ ಸೂಚನೆ ಬಂದಾಗ, ಮೊದಲು ಮುದುಕರನ್ನೂ ಬಾಣಂತಿಯರನ್ನೂ ಕಾಳಜಿ ಕೇಂದ್ರಕ್ಕೆ ಕಳಿಸಿ. ನಮ್ಮ ಕೇರಿಗಳಲ್ಲಿ ಎದ್ದು ನಡೆಯಲಾಗದವರು ಯಾರ ಮನೆಯಲ್ಲಿದ್ದಾರೆ, ಅವರನ್ನು ಹೊರುವವರು ಯಾರು? ಭಾನುವಾರ ವಂದನೆ ಮುಗಿದ ಮೇಲೆ ಕೂತು ಹೆಸರು ಬರೆಯೋಣ. ಪೆನ್ನು, ಪುಸ್ತಕ ನಾನು ತರುತ್ತೇನೆ.