ರಕ್ತಸಂಬಂಧದ ಅರ್ಥ

'ರಕ್ತಸಂಬಂಧ' ಎಂಬ ಮಾತನ್ನು ನಾವು ಬಹು ಸಲೀಸಾಗಿ ಬಳಸುತ್ತೇವೆ. ಒಂದೇ ವಂಶದಲ್ಲಿ ಹುಟ್ಟಿದವರು, ಕಳ್ಳುಬಳ್ಳಿಯವರು, ಕಷ್ಟಕಾಲಕ್ಕೆ ಓಡಿ ಬರತಕ್ಕವರು ಎಂಬಷ್ಟು ಅರ್ಥವು ಆ ಒಂದು ಪದದಲ್ಲಿ ಅಡಗಿದೆ. ಆಸ್ತಿಯ ಪಾಲಿನಿಂದ ಹಿಡಿದು ಮದುವೆಯ ಮಾತುಕತೆಯವರೆಗೆ ನಮ್ಮ ಲೋಕವ್ಯವಹಾರವೆಲ್ಲ ಈ ಸಂಬಂಧದ ಲೆಕ್ಕದಲ್ಲಿಯೇ ಸಾಗಿದೆ. ಇಂತಹ ಲೆಕ್ಕವನ್ನು ತಲೆಕೆಳಗು ಮಾಡುವ ವ್ಯಾಧಿಯೊಂದುಂಟು. ಅದು ಮಕ್ಕಳನ್ನು ಕಾಡುವ ಥಲಸ್ಸೇಮಿಯಾ. ಆ ವ್ಯಾಧಿಯುಳ್ಳ ಮಗುವನ್ನು ಸಾಕುವ ತಂದೆತಾಯಿಗಳ ಪಾಡನ್ನು ವಿಚಾರಿಸಿದಲ್ಲಿ, ರಕ್ತಸಂಬಂಧವೆಂದರೆ ಯಾವುದು, ಮಗು ಯಾರಿಗೆ ಸೇರಿದ್ದು ಎಂಬ ಹಳೆಯ ಪ್ರಶ್ನೆಯು ಹೊಸದಾಗಿ ನಮ್ಮೆದುರು ನಿಲ್ಲುತ್ತದೆ.

ಮೊದಲು ವ್ಯಾಧಿಯ ಸ್ವರೂಪವನ್ನು ತಿಳಿಯೋಣ. 1925ರಲ್ಲಿ ಅಮೇರಿಕೆಯ ಥಾಮಸ್ ಕೂಲಿ ಎಂಬ ಮಕ್ಕಳ ವೈದ್ಯರು ಇದನ್ನು ಮೊದಲು ವಿವರಿಸಿದರು. ಗ್ರೀಕ್ ಭಾಷೆಯಲ್ಲಿ 'ಥಲಸ್ಸ' ಎಂದರೆ ಕಡಲು. ಮೆಡಿಟರೇನಿಯನ್ ಕಡಲತಡಿಯ ಜನರಲ್ಲಿ ಹೆಚ್ಚಾಗಿ ಕಂಡಿತೆಂದು ಆ ಹೆಸರು ಬಂದಿತಾದರೂ ಭಾರತದಲ್ಲಿಯೂ ಇದು ವಿರಳವೇನಲ್ಲ. ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ ಇದರ ವಾಹಕರೆಂದು ತಜ್ಞರ ಅಂದಾಜು. ವಾಹಕನಿಗೆ ತಾನು ವಾಹಕನೆಂಬುದೇ ತಿಳಿಯದು. ಅವನು ಉಳುತ್ತಾನೆ, ಅಂಗಡಿ ನಡೆಸುತ್ತಾನೆ, ನೂರು ವರ್ಷ ಬಾಳಲೂಬಹುದು. ವಾಹಕನಲ್ಲದವರನ್ನು ಅವನು ವರಿಸಿದರೆ ಅವರ ಮಕ್ಕಳಿಗೆ ಈ ವ್ಯಾಧಿ ಬಾರದು. ಇಬ್ಬರು ವಾಹಕರು ಸತಿಪತಿಗಳಾದಾಗ ಮಾತ್ರ, ಪ್ರತಿಯೊಂದು ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು, ವ್ಯಾಧಿಗ್ರಸ್ತ ಶಿಶುವಿನ ಸಂಭವವಿರುತ್ತದೆ. ಹುಟ್ಟುವಾಗ ಕೂಸು ದುಂಡುದುಂಡಾಗಿಯೇ ಇರುತ್ತದೆ. ಆರು ತಿಂಗಳು ಕಳೆಯುತ್ತಲೂ ಮುಖ ಬಿಳಿಚುತ್ತದೆ, ತೂಕ ಏರುವುದಿಲ್ಲ, ಗುಲ್ಮವು ಬಾತು ಹೊಟ್ಟೆ ಮುಂದೆ ಬರುತ್ತದೆ. ಅದರ ಶರೀರವು ಸರಿಯಾದ ಹಿಮೋಗ್ಲೋಬಿನ್ನನ್ನು ತಯಾರಿಸಲಾರದು. ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಬೇರೊಬ್ಬರ ರಕ್ತಕಣಗಳನ್ನು ಏರಿಸಿದರೆ ಆ ಮಗು ಆಡುತ್ತದೆ, ಓದುತ್ತದೆ, ಬೆಳೆಯುತ್ತದೆ, ಏರಿಸದಿದ್ದರೆ ಬಾಡುತ್ತದೆ.

ಇನ್ನು ಲೆಕ್ಕ. ಮೂರು ವಾರಗಳಿಗೊಮ್ಮೆ ಎಂದರೆ ವರ್ಷಕ್ಕೆ ಸುಮಾರು ಹದಿನೇಳು ಬಾರಿ. ಬೆಳೆದ ಮಗುವಿಗೆ ಒಮ್ಮೆಗೆ ಎರಡು ಚೀಲ ಬೇಕಾದಲ್ಲಿ ವರ್ಷಕ್ಕೆ ಮೂವತ್ತನಾಲ್ಕು ಚೀಲ. ಆರೋಗ್ಯವಂತ ಗಂಡಸು ಮೂರು ತಿಂಗಳಿಗೊಮ್ಮೆ, ಹೆಂಗಸು ನಾಲ್ಕು ತಿಂಗಳಿಗೊಮ್ಮೆ ಮಾತ್ರ ರಕ್ತ ಕೊಡಬಹುದು. ಅಂದ ಮೇಲೆ ಇಂತಹ ಒಂದು ಮಗುವನ್ನು ಒಂದು ವರ್ಷ ಬದುಕಿಸಲು ತಪ್ಪದೆ ಬರುವ ಒಂಬತ್ತು ಮಂದಿಯಾದರೂ ಬೇಕು. ಆ ಒಂಬತ್ತು ಮಂದಿಯಲ್ಲಿ ಹೆತ್ತವರು ಸೇರುವರೇ? ಸಾಮಾನ್ಯವಾಗಿ ಇಲ್ಲ. ವಾಹಕರಾದ ತಂದೆತಾಯಿಗಳ ಹಿಮೋಗ್ಲೋಬಿನ್ ಹಲವು ವೇಳೆ ದಾನಿಗೆ ವಿಧಿಸಿದ ಹನ್ನೆರಡೂವರೆ ಗ್ರಾಮಿನ ಗೆರೆಯನ್ನು ಮುಟ್ಟುವುದಿಲ್ಲ. ಅದು ಮುಟ್ಟಿ, ಗುಂಪು ಹೊಂದಿದರೂ, ಮುಂದೆ ಅಸ್ಥಿಮಜ್ಜೆಯ ಕಸಿ ಮಾಡುವ ಪ್ರಸಂಗ ಬಂದರೆ ತೊಡಕಾದೀತೆಂದು ಹತ್ತಿರದ ಬಂಧುಗಳ ರಕ್ತವನ್ನು ವೈದ್ಯರು ಬೇಡವೆನ್ನುತ್ತಾರೆ. ಜೀವವನ್ನೇ ಕೊಡಲು ಸಿದ್ಧಳಾದ ತಾಯಿಯ ರಕ್ತಕ್ಕೆ ಅಲ್ಲಿ ಸ್ಥಾನವಿಲ್ಲ. ಹೆಸರು ತಿಳಿಯದ, ಕುಲ ತಿಳಿಯದ ಪರಕೀಯನ ರಕ್ತವೇ ಬೇಕು.

ಜೋರಾಪುರ ಪೇಟೆಯಿಂದ ಮಠಕ್ಕೆ ಬರುವ ಒಬ್ಬ ತಾಯಿಯ ಮಾತನ್ನು ಇಲ್ಲಿ ಹೇಳಬೇಕು. ಅವಳ ಒಂಬತ್ತು ವರುಷದ ಮಗನಿಗೆ ಈ ವ್ಯಾಧಿಯುಂಟು. "ಅಪ್ಪಾರ, ಮೊದಲ ವರ್ಷ ಎಲ್ಲಾರೂ ಓಡಿ ಬಂದ್ರು. ಎರಡನೇ ವರ್ಷ ಫೋನ್ ಮಾಡಿದ್ರ ಎತ್ತಿದ್ರು. ಈಗ ನನ್ನ ಕಂಡ್ರ ದಾರಿ ಬಿಟ್ಟು ಹೋಗ್ತಾರ. ಇನ್ನ ಯಾರ ಮುಂದ ಸೆರಗ ಒಡ್ಡಲಿ?" ಎಂದಳು. ಬಂಧುಗಳು ಕೆಟ್ಟವರೆಂದು ಅವಳು ದೂರಲಿಲ್ಲ. ಒಮ್ಮೆ ಬಂದು ಹೋಗುವ ಆಪತ್ತಿಗೆ ಮನುಷ್ಯನ ಕರುಣೆ ಸಾಲುತ್ತದೆ. ಮೂರು ವಾರಕ್ಕೊಮ್ಮೆ ಬಾಗಿಲು ತಟ್ಟುವ ಆಪತ್ತಿಗೆ ಕರುಣೆಯೊಂದೇ ಸಾಲದು. ಕರುಣೆ ದಣಿಯುತ್ತದೆ.

ದಾನಕ್ಕೂ ದಾಸೋಹಕ್ಕೂ ನಮ್ಮ ಶರಣರು ಮಾಡಿದ ಭೇದವು ಇಲ್ಲಿ ಬೆಳಕಾಗುತ್ತದೆ. ದಾನದಲ್ಲಿ ಕೊಡುವವನೊಬ್ಬ, ಬೇಡುವವನೊಬ್ಬ. ಒಬ್ಬನ ಕೈ ಮೇಲೆ, ಇನ್ನೊಬ್ಬನ ಕೈ ಕೆಳಗೆ. ದಾಸೋಹದಲ್ಲಿ 'ನಾನು ಕೊಟ್ಟೆ' ಎಂಬ ಭಾವಕ್ಕೆ ಎಡೆಯಿಲ್ಲ; ತನ್ನಲ್ಲಿರುವುದು ತನ್ನದಲ್ಲವಾದ್ದರಿಂದ ಅದು ಸಲ್ಲಬೇಕಾದಲ್ಲಿಗೆ ಸಲ್ಲುತ್ತದೆ, ಅಷ್ಟೆ. ಅನ್ನದ ವಿಷಯದಲ್ಲಿ ಇದನ್ನು ನಾವು ಚೆನ್ನಾಗಿ ಬಲ್ಲೆವು. ಪಂಕ್ತಿಯಲ್ಲಿ ಕುಳಿತವನನ್ನು ನೀನೇಕೆ ನಿನ್ನೆಯೂ ಬಂದೆ, ಇಂದೂ ಬಂದೆ ಎಂದು ಯಾವ ಮಠವೂ ಕೇಳುವುದಿಲ್ಲ. ಹಸಿವೆಯು ದಿನವೂ ಬರತಕ್ಕದ್ದೆಂದು ಒಪ್ಪಿಕೊಂಡ ಮೇಲೆಯೇ ದಾಸೋಹದ ಒಲೆ ಹೊತ್ತಿದ್ದು. ಇಂತಹ ಮಗುವಿನ ರಕ್ತದ ಹಸಿವೆಯೂ ಹಾಗೆಯೇ. ರಕ್ತಕಣಕ್ಕೆ ಆಯುಷ್ಯವೇ ನೂರಿಪ್ಪತ್ತು ದಿನ. ನಾವು ಕೊಡಲಿ ಬಿಡಲಿ, ಅದು ನಮ್ಮೊಳಗೇ ಸವೆದು ಹೋಗುತ್ತದೆ, ಹೊಸದು ಹುಟ್ಟುತ್ತದೆ. ಹೀಗಿರುವಲ್ಲಿ 'ನನ್ನ ರಕ್ತ' ಎಂಬ ಮಮಕಾರಕ್ಕೆ ಆಧಾರವೆಲ್ಲಿದೆ?

ಜಾತಿಸೂತಕದ ಮಾತೂ ಇಲ್ಲಿಗೆ ಸೇರುತ್ತದೆ. ಐದು ಸೂತಕಗಳನ್ನು ಶರಣರು ಕಿತ್ತೊಗೆದರೆಂದು ವೇದಿಕೆಗಳಲ್ಲಿ ನಾವು ಹೇಳುತ್ತಲೇ ಬಂದಿದ್ದೇವೆ. ಒಂಬತ್ತು ವರ್ಷ ರಕ್ತ ಪಡೆದ ಮಗುವಿನಲ್ಲಿ ಎಷ್ಟು ಕುಲ, ಎಷ್ಟು ಮತ, ಎಷ್ಟು ಓಣಿಗಳು ಹರಿದು ಹೋಗಿವೆ! ತಿಕೋಟಾದ ರೈತ, ಬಬಲೇಶ್ವರದ ಶಿಕ್ಷಕ, ನಗರದ ಆಟೋ ಚಾಲಕ, ಯಾರು ಕೊಟ್ಟರೋ ಆ ಕೂಸು ಕೇಳಲಿಲ್ಲ. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿಯು ರಕ್ತದ ಗುಂಪುಗಳನ್ನು ಕಂಡುಹಿಡಿದನು. ಆ ಗುಂಪುಗಳಲ್ಲಿ ಒಂದಾದರೂ ನಮ್ಮ ಕುಲಗಳ ಗಡಿಯನ್ನು ಗೌರವಿಸುವುದಿಲ್ಲ. ಮನೆಯೊಳಗೆ ಬರಲು ಅಂಜುವವನ ರಕ್ತವು ಮನೆಯ ಮಗನ ಹೃದಯದೊಳಗೆ ಬಂದಿದೆ ಎಂಬುದನ್ನು ಕೆಲವು ಹಿರಿಯರು ಶಾಂತವಾಗಿ ಯೋಚಿಸುವುದು ಒಳಿತು.

ಹೆತ್ತವರ ವಿಷಯಕ್ಕೆ ಬರೋಣ. ಇಂತಹ ಮಗು ಹುಟ್ಟಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ಇದು ಯಾರ ತಪ್ಪು ಎಂಬುದು. ಬೊಟ್ಟು ಸೊಸೆಯ ಕಡೆಗೆ ತಿರುಗಲು ಬಹಳ ಹೊತ್ತು ಹಿಡಿಯುವುದಿಲ್ಲ. ಇದು ಅಧರ್ಮ, ಅಷ್ಟೇ ಅಲ್ಲ, ಅಸತ್ಯ. ತಂದೆಯಿಂದ ಒಂದು, ತಾಯಿಯಿಂದ ಒಂದು, ಸರಿಸಮನಾಗಿ ಎರಡೂ ಕೂಡಿದ ಹೊರತು ಈ ವ್ಯಾಧಿ ಬಾರದು. ಪೂರ್ವಜನ್ಮದ ಕರ್ಮವೆನ್ನುವವರೂ ಉಂಟು. ಕರ್ಮದ ವಿಚಾರವು ನಮ್ಮ ನಮ್ಮ ನಡತೆಯನ್ನು ತಿದ್ದಿಕೊಳ್ಳುವುದಕ್ಕೆ ಇರತಕ್ಕದ್ದೇ ಹೊರತು, ಪರರ ತೊಟ್ಟಿಲಿನ ಮೇಲೆ ತೀರ್ಪು ಬರೆಯುವುದಕ್ಕಲ್ಲ.

ಎರಡನೆಯದು ಸಾಕುವ ಬಗೆ. ರೋಗಿಷ್ಠ ಮಗುವೆಂದು ಕೇಳಿದ್ದನ್ನೆಲ್ಲ ಕೊಟ್ಟು, ಬೈಯದೆ, ಓದಿಸದೆ ಬೆಳೆಸುವುದು ವಾತ್ಸಲ್ಯದಂತೆ ಕಂಡರೂ ಅದರೊಳಗೆ, ಈ ಮಗು ಬಹಳ ದಿನ ಉಳಿಯದು ಎಂಬ ನಿರಾಶೆ ಅಡಗಿದೆ. ಮಗು ಅದನ್ನು ಬೇಗ ಅರಿಯುತ್ತದೆ. ಇಂದಿನ ಚಿಕಿತ್ಸೆ ಕ್ರಮವಾಗಿ ದೊರೆತವರು ಓದಿ, ನೌಕರಿ ಹಿಡಿದು, ಮದುವೆಯಾಗಿ ನಡುವಯಸ್ಸನ್ನು ದಾಟಿ ಬಾಳುತ್ತಿದ್ದಾರೆ. ಆದುದರಿಂದ ಆ ಮಗುವನ್ನು ನಾಳೆ ದೊಡ್ಡವನಾಗುವವನೆಂದೇ ಬೆಳೆಸಬೇಕು. ಸುಳ್ಳಾಡಿದರೆ ಬೈಯಬೇಕು, ಪಾಠ ಬಿಟ್ಟರೆ ಕೂರಿಸಿ ಓದಿಸಬೇಕು. ರಕ್ತವೇರಿಸಿದಷ್ಟಕ್ಕೆ ಚಿಕಿತ್ಸೆ ಮುಗಿಯುವುದೂ ಇಲ್ಲ. ಶರೀರವು ಆಹಾರದಿಂದ ದಿನಕ್ಕೆ ಹೀರುವ ಕಬ್ಬಿಣ ಒಂದೆರಡು ಮಿಲಿಗ್ರಾಂ; ಒಂದು ಚೀಲ ರಕ್ತದಲ್ಲಿರುವುದು ಸುಮಾರು ಇನ್ನೂರು ಮಿಲಿಗ್ರಾಂ. ಅದನ್ನು ಹೊರಹಾಕುವ ದಾರಿ ದೇಹಕ್ಕೆ ತಿಳಿಯದು. ಅದು ಹೃದಯ, ಯಕೃತ್ತುಗಳಲ್ಲಿ ಕೂತು ಮೆಲ್ಲನೆ ಕೊಲ್ಲುತ್ತದೆ. ಹಿಂದೆ ಇದಕ್ಕೆ ರಾತ್ರಿಯಿಡೀ ಚರ್ಮದಡಿಯಲ್ಲಿ ಸೂಜಿ ಚುಚ್ಚಿಟ್ಟು ಔಷಧ ಹರಿಸಬೇಕಿತ್ತು. 1990ರ ದಶಕದಿಂದೀಚೆಗೆ ಗುಳಿಗೆಗಳು ಬಂದಿವೆ. ದಿನವೂ ತಪ್ಪದೆ ನುಂಗಬೇಕು. ರಕ್ತಹೀನತೆಯೆಂದು ತಿಳಿದು ಕಬ್ಬಿಣದ ಟಾನಿಕ್ ಕುಡಿಸುವ ಅಜ್ಜಿಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕು.

ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಹೆತ್ತವರು ಕೂತಿರುವಾಗ ಮನೆಯಲ್ಲಿ ಉಳಿದ ಇನ್ನೊಂದು ಮಗುವಿನ ಮಾತೇನು? ಅದಕ್ಕೆ ಜ್ವರ ಬಂದರೂ ಹೇಳಲು ಸಂಕೋಚ. ಅಸ್ಥಿಮಜ್ಜೆಯ ಕಸಿಯೊಂದೇ ಈಗ ಬಹುಕಾಲದಿಂದ ಪರೀಕ್ಷಿತವಾದ ಪರಿಹಾರ. ಒಡಹುಟ್ಟಿದವರ ಮಜ್ಜೆ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಇಲ್ಲಿ ಮಾತ್ರ ಹುಟ್ಟಿನ ಸಂಬಂಧವು ಕೈಹಿಡಿಯುತ್ತದೆ. ಅದು ಹೊಂದಿದಾಗ ಆ ತಮ್ಮನನ್ನೋ ತಂಗಿಯನ್ನೋ ಔಷಧದ ಬಾಟಲಿಯಂತೆ ಕಾಣದೆ, ಅವರಿಗೂ ತಿಳಿಯುವಂತೆ ಹೇಳಿ, ಅವರ ಭಯವನ್ನೂ ಕೇಳಬೇಕು. ವೆಚ್ಚ ದೊಡ್ಡದು. ಕೋಲ್ ಇಂಡಿಯಾ ಸಂಸ್ಥೆಯ ನೆರವಿನಿಂದ 2017ರಲ್ಲಿ ಆರಂಭವಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯು ಬಡ ಮಕ್ಕಳ ಕಸಿಗೆ ಹತ್ತು ಲಕ್ಷದವರೆಗೆ ನೆರವು ಕೊಡುವಂತೆ ರೂಪುಗೊಂಡಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಥಲಸ್ಸೇಮಿಯಾವನ್ನು ತನ್ನ ಇಪ್ಪತ್ತೊಂದು ನ್ಯೂನತೆಗಳ ಪಟ್ಟಿಯಲ್ಲಿ ಸೇರಿಸಿದೆ. ಪ್ರಮಾಣಪತ್ರ ಮಾಡಿಸಲು ಹಿಂಜರಿಯುವ ಮನೆಗಳಿವೆ. ಮಗಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆ.

ಮದುವೆಯ ಮಾತು ಬಂದಿತು. ನಮ್ಮ ಕಡೆ ಸೋದರಮಾವ, ಅತ್ತೆಯ ಮಗ, ಮಾವನ ಮಗಳು ಎಂದು ಒಳಸಂಬಂಧದ ಮದುವೆಗಳು ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ವಿವಾಹಗಳು ಬಂಧುಗಳಲ್ಲಿಯೇ ಆಗಿವೆ. ಹೊಲ ಒಡೆಯಬಾರದು, ಮಗಳು ಕಣ್ಣಳತೆಯಲ್ಲಿರಬೇಕು ಎಂಬ ಕಾರಣಗಳನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಒಂದೇ ಅಜ್ಜನಿಂದ ಇಳಿದ ಅದೇ ದೋಷವು ಇಬ್ಬರಲ್ಲಿಯೂ ಇರುವ ಸಂಭವ ಅಲ್ಲಿ ಹೆಚ್ಚು. ಹೊರಗಿನ ಸಂಬಂಧವಾದರೂ ನಿಶ್ಚಿಂತೆಯಿಲ್ಲ. ಇದಕ್ಕೆ ಉಪಾಯ ಮದುವೆಗೆ ಮುಂಚಿನ ರಕ್ತಪರೀಕ್ಷೆ.

ಸೈಪ್ರಸ್ ದ್ವೀಪದಲ್ಲಿ ಏಳು ಮಂದಿಗೆ ಒಬ್ಬರಂತೆ ವಾಹಕರು. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತ ಧರ್ಮಪೀಠವು 1983ರಿಂದ, ವಧೂವರರಿಬ್ಬರೂ ಪರೀಕ್ಷೆ ಮಾಡಿಸಿಕೊಂಡು ಸಲಹೆ ಪಡೆದಿದ್ದಾರೆಂಬ ಪತ್ರವಿಲ್ಲದೆ ವಿವಾಹ ನೆರವೇರಿಸದಂತೆ ನಿಯಮ ಮಾಡಿತು. ಫಲಿತಾಂಶವನ್ನು ಧರ್ಮಗುರು ಕೇಳುವುದಿಲ್ಲ, ಮದುವೆಯನ್ನು ತಡೆಯುವುದಿಲ್ಲ. ತಿಳಿದು ಕೈಹಿಡಿಯಿರಿ ಎಂದಷ್ಟೇ. ಅಲ್ಲಿ ಹೊಸದಾಗಿ ಈ ವ್ಯಾಧಿಯೊಡನೆ ಹುಟ್ಟುವ ಮಕ್ಕಳು ಬಹಳ ವಿರಳವಾದರು. ಗರ್ಭದಲ್ಲಿಯೇ ಪರೀಕ್ಷಿಸಿ ನಿರ್ಧರಿಸುವ ಕಠಿಣ ಸಂದರ್ಭವೂ ಇದರಲ್ಲಿ ಉಂಟೆಂಬುದನ್ನು ಮರೆಮಾಚಲಾಗದು. ಗರ್ಭದಲ್ಲಿರುವಾಗಲೇ ಶಿಶುವಿಗೆ ಲಿಂಗಧಾರಣೆಯ ಸಂಸ್ಕಾರ ಮಾಡುವ ಪರಂಪರೆ ನಮ್ಮದು. ಆ ನಿರ್ಧಾರದ ಮೇಲೆ ಹೊರಗೆ ಕುಳಿತು ಆಜ್ಞೆ ಮಾಡುವುದು ನಮಗೆ ಸರಿಯೆನಿಸದು. ಆ ದಂಪತಿಗಳ ಕಣ್ಣೀರನ್ನು ಕಾಣುವ ಮುನ್ನವೇ, ಬೀಗತನದ ಮಾತುಕತೆಯ ಹಂತದಲ್ಲಿಯೇ ಪರೀಕ್ಷೆ ನಡೆದರೆ ಎಷ್ಟೋ ಲೇಸು. ನಮ್ಮ ಮಠಗಳಲ್ಲಿ ಪ್ರತಿವರ್ಷ ಸಾಮೂಹಿಕ ವಿವಾಹಗಳಾಗುತ್ತವೆ. ವಯಸ್ಸಿನ ದಾಖಲೆ ಕೇಳುವಲ್ಲಿ ಈ ಪರೀಕ್ಷೆಯಾಗಿದೆಯೇ ಎಂದೂ ಕೇಳಬಹುದು. ಫಲವನ್ನು ಆ ಇಬ್ಬರಿಗೆ ಮಾತ್ರ ತಿಳಿಸಬೇಕು. ವಾಹಕಳೆಂದು ಒಂದು ಹುಡುಗಿಯ ಹೆಸರು ಓಣಿಯಲ್ಲಿ ತಿರುಗಿದರೆ ಉಪಕಾರವೇ ಅಪಕಾರವಾದೀತು.

ಕೊನೆಗೆ ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಮಾತು. ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನಂತೆ ಹಣಕ್ಕೆ ರಕ್ತ ಮಾರುವ ಪದ್ಧತಿಯು 1998ರ ಜನವರಿಯಿಂದ ನಿಷಿದ್ಧವಾಗಿದೆ. ಸ್ವಇಚ್ಛೆಯಿಂದ ಬರುವವರೇ ಈಗ ಗತಿ. ಜಯಂತಿಗಳಲ್ಲಿ, ಹುಟ್ಟುಹಬ್ಬಗಳಲ್ಲಿ ಶಿಬಿರ ನಡೆಸಿ ಒಂದೇ ದಿನ ನೂರಾರು ಚೀಲ ಕೂಡಿಸಿ ಭಾವಚಿತ್ರ ತೆಗೆಸಿಕೊಳ್ಳುತ್ತೇವೆ. ಕೆಂಪುಕಣಗಳು ಶೀತಪೆಟ್ಟಿಗೆಯಲ್ಲಿ ಉಳಿಯುವುದು ಐದಾರು ವಾರ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ಬಿಸಿಲಿಗೆ ಯಾರೂ ಹೊರಬೀಳರು. ರಕ್ತನಿಧಿಯ ಕಪಾಟುಗಳು ಆಗಲೇ ಬರಿದಾಗುತ್ತವೆ. ಒಂದೇ ತರಗತಿಯಲ್ಲಿ ಕಲಿತ ಒಂಬತ್ತು ಮಂದಿ ಕೂತು ವರ್ಷದ ತಿಂಗಳುಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡು, ತಮ್ಮ ಪಾಳಿ ಬಂದಾಗ ಯಾರೂ ಕರೆಯದೆಯೇ ಹೋಗಿ ಕೊಟ್ಟು ಬರಲಿ. ಯಾವ ಕೂಸಿಗೆ ಅದು ಸಂದಿತೆಂದು ಕೇಳುವುದು ಬೇಡ. ಏಪ್ರಿಲ್ ಮೇ ತಿಂಗಳ ಪಾಳಿಯನ್ನು ಮೊದಲು ತುಂಬಿರಿ.