ತೊಟ್ಟು ಕಳಚುವ ಹೊತ್ತು

ಹಣ್ಣನ್ನು ನಾವು ಕೀಳುವುದು ಬೇರೆ, ಬಳ್ಳಿಯೇ ಅದನ್ನು ಬಿಟ್ಟುಕೊಡುವುದು ಬೇರೆ. ಮಾವಿನಕಾಯಿಯನ್ನು ಕಿತ್ತು ಹುಲ್ಲಿನಲ್ಲಿಟ್ಟು ಹಣ್ಣು ಮಾಡಿ ತಿಂದು ಬೆಳೆದ ನಮಗೆ ಈ ವ್ಯತ್ಯಾಸ ಅಷ್ಟಾಗಿ ಗಮನಕ್ಕೆ ಬಂದಿರಲಾರದು. ಲೆಮಾಂಟಿನ ಹಿತ್ತಿಲುಗಳಲ್ಲಿ ಕರಬೂಜ ಬೆಳೆಯುವ ನಮಗೆ ಇದು ತೋಟದ ಪ್ರಶ್ನೆಯಷ್ಟೇ ಅಲ್ಲ, ಸಂಸಾರದ ಪ್ರಶ್ನೆಯೂ ಹೌದು ಎನಿಸುತ್ತದೆ. ಅಕ್ಕರೆಯಿಂದ ಬೆಳೆಸಿದ್ದನ್ನು ಬಿಟ್ಟುಕೊಡುವುದು ಯಾವಾಗ, ಹೇಗೆ?

ಇಲ್ಲಿ ಕ್ಯಾಂಟಲೋಪ್ ಎಂದು ಮಾರುವ, ಸಿಪ್ಪೆಯ ಮೇಲೆ ಬಲೆ ಹೆಣೆದಂತಿರುವ ಹಣ್ಣು ನಮ್ಮ ಊರಿನ ಕರಬೂಜದ ಬಳಗದ್ದೇ. ಊರಿನಲ್ಲಿ ಅದು ಬಿಸಿಲುಕಾಲದ ಹಣ್ಣು. ಶ್ರೀರಾಮನವಮಿಗೆ ಪಾನಕ, ಕೋಸಂಬರಿಗಳ ಜೊತೆಗೆ ಅನೇಕ ಮನೆಗಳಲ್ಲಿ ಅದರ ರಸಾಯನವೂ ಆಗುತ್ತದೆ. ಇಲ್ಲಿ ರಾಮನವಮಿಯ ವೇಳೆಗೆ ನೆಲದ ಚಳಿ ಇನ್ನೂ ಬಿಟ್ಟಿರುವುದಿಲ್ಲ. 1986ರಲ್ಲಿ ಪ್ರತಿಷ್ಠೆಯಾದ ನಮ್ಮ ಗುಡ್ಡದ ಮೇಲಿನ ರಾಮ ದೇವಾಲಯದಲ್ಲಿ ಉತ್ಸವ ನಡೆಯುವಾಗ ಅಂಗಡಿಯಲ್ಲಿ ಸಿಗುವ ಕರಬೂಜ ದೂರದ ಬೆಚ್ಚನೆಯ ಸೀಮೆಯಿಂದ ಬಂದದ್ದು. ದಾರಿಯಲ್ಲಿ ಕೆಡದಿರಲೆಂದು ಗಟ್ಟಿಯಿರುವಾಗಲೇ ಕಿತ್ತದ್ದು. ನಮ್ಮ ಹಿತ್ತಿಲಿನ ಹಣ್ಣಿಗೆ ಆಗಸ್ಟ್ ತಿಂಗಳವರೆಗೆ ಕಾಯಬೇಕು.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಏಪ್ರಿಲ್ ಕೊನೆಗೆ ಕಿಟಕಿಯ ಬಳಿ ಪುಟ್ಟ ಕುಂಡಗಳಲ್ಲಿ ಬೀಜ ಹಾಕಬೇಕು. ಫ್ರಾಸ್ಟಿನ ಭಯ ಕಳೆದು, ಮಣ್ಣಿನ ಶಾಖ 70 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಮೇಲೆ, ಅಂದರೆ ಮೆಮೋರಿಯಲ್ ಡೇ ಆಸುಪಾಸಿಗೆ, ಬೇರು ಅಲುಗದಂತೆ ಸಸಿಗಳನ್ನು ನೆಡಬೇಕು. ನಮ್ಮದು ಜಿಗುಟು ಮಣ್ಣು. ಗೊಬ್ಬರ ಬೆರೆಸಿ ಮಡಿಯನ್ನು ಏರಿಸಿ, ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದರೆ ನೆಲ ಬೇಗ ಬೆಚ್ಚಗಾಗುತ್ತದೆ. ಮೊದಲು ಬರುವುದೆಲ್ಲ ಗಂಡು ಹೂಗಳು. ಅವು ಉದುರಿದವೆಂದು ಚಿಂತಿಸಬೇಕಾಗಿಲ್ಲ. ಆಮೇಲೆ ಕಾಯಿ ಕಟ್ಟುವ ಹೂಗಳು ಬರುತ್ತವೆ, ಜೇನುನೊಣಗಳು ಬರುತ್ತವೆ. ಅಲ್ಲಿಂದ ಹಣ್ಣಾಗಲು ಸುಮಾರು 35ರಿಂದ 45 ದಿನ.

ಈ ಹಣ್ಣಿನ ಗುಟ್ಟು ಅದರ ಸಿಹಿಯಲ್ಲಿದೆ. ಬಾಳೆಕಾಯಿಯ ಒಳಗೆ ಪಿಷ್ಟ ತುಂಬಿರುತ್ತದೆ. ಗೊನೆ ಕಡಿದ ಮೇಲೂ ಅದು ಸಕ್ಕರೆಯಾಗುತ್ತಾ ಹೋಗುತ್ತದೆ. ಕರಬೂಜಕ್ಕೆ ಅಂಥ ದಾಸ್ತಾನಿಲ್ಲ. ಎಲೆಗಳು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ ತೊಟ್ಟಿನ ಮೂಲಕವೇ ಒಳಗೆ ಬರಬೇಕು. ಮೊದಲೇ ಕಿತ್ತ ಹಣ್ಣು ಮೆತ್ತಗಾದೀತು, ಘಮಘಮಿಸೀತು, ಆದರೆ ಸಿಹಿ ಹೆಚ್ಚುವುದಿಲ್ಲ. ಪೂರ್ತಿ ಮಾಗಿದಾಗ ಬಲೆಯ ಹಿಂದಿನ ಹಸಿರು ಹೋಗಿ ಹೊಂಬಣ್ಣ ಬರುತ್ತದೆ. ತೊಟ್ಟಿನ ಸುತ್ತ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸಾಕು, ಹಣ್ಣು ಕೈಗೆ ಬರುತ್ತದೆ. ತೊಟ್ಟು ಬಳ್ಳಿಯಲ್ಲೇ ಉಳಿಯುತ್ತದೆ.

ಋಗ್ವೇದದ ಏಳನೆಯ ಮಂಡಲದಲ್ಲಿರುವ ಮೃತ್ಯುಂಜಯ ಮಂತ್ರದ ಉಪಮೆ ಎಲ್ಲರಿಗೂ ಗೊತ್ತಿರುವುದೇ. ಉರ್ವಾರುಕದ ಹಣ್ಣು ತೊಟ್ಟಿನಿಂದ ಬಿಡಿಸಿಕೊಳ್ಳುವ ಹಾಗೆ ನಮಗೂ ಬಿಡುಗಡೆಯಾಗಲಿ ಎಂಬ ಪ್ರಾರ್ಥನೆ ಅದು. ಉರ್ವಾರುಕವನ್ನು ಸೌತೆ ಎನ್ನುವವರಿದ್ದಾರೆ, ಕರಬೂಜ ಎನ್ನುವವರೂ ಇದ್ದಾರೆ. ಎರಡೂ ಒಂದೇ ಕುಲದವು. ಸಾಮಾನ್ಯವಾಗಿ ನಾವು ಇದನ್ನು ಕೇಳುವಾಗ ಬಂಧನ ಕೆಟ್ಟದ್ದು, ಬಿಡುಗಡೆ ಒಳ್ಳೆಯದು ಎಂದು ಅರ್ಥ ಮಾಡಿಕೊಳ್ಳುತ್ತೇವೆ. ಬಳ್ಳಿ ಹೇಳುವುದು ಅಷ್ಟೇ ಅಲ್ಲ. ಸಿಹಿ ಬಂದದ್ದೆಲ್ಲ ಆ ಬಂಧನದ ಮೂಲಕವೇ. ಬಂಧನ ತನ್ನ ಕೆಲಸವನ್ನು ಪೂರ್ತಿ ಮಾಡಿದ್ದರಿಂದಲೇ ಬಿಡುಗಡೆ ಅಷ್ಟು ಸಲೀಸು.

ಇಲ್ಲಿ ಹಣ್ಣು ಮಾಗುವ ಆಗಸ್ಟ್‌ನಲ್ಲಿಯೇ ನಮ್ಮ ಮಕ್ಕಳು ಅರ್ಬಾನಾ-ಶಾಂಪೇನಿಗೋ ಆ್ಯನ್ ಆರ್ಬರಿಗೋ ಕಾಲೇಜಿಗೆಂದು ಹೊರಡುತ್ತಾರೆ. "ಬಿಟ್ಟುಬಿಡಿ, ಇದು ಅಮೆರಿಕ" ಎನ್ನುವವರು ಕೆಲವರು. ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಹಿಡಿದುಕೊಳ್ಳುವವರು ಕೆಲವರು. ಮೊದಲನೆಯವರು ಕಾಯನ್ನು ಕೀಳುತ್ತಾರೆ. ಎರಡನೆಯವರು ಕಳಚಿದ ಹಣ್ಣನ್ನು ಮತ್ತೆ ತೊಟ್ಟಿಗೆ ಅಂಟಿಸಹೋಗುತ್ತಾರೆ. ಹದಿನಾರು ಹದಿನೇಳರ ವಯಸ್ಸಿನಲ್ಲಿ ಮಕ್ಕಳು ಎದುರುತ್ತರ ಕೊಡತೊಡಗಿದರೆ ನಾವು ಕಂಗಾಲಾಗುತ್ತೇವೆ. ತೊಟ್ಟಿನ ಬಿರುಕನ್ನು ಕಂಡು ಬಳ್ಳಿಗೆ ರೋಗ ಬಂತೆಂದು ಯಾರೂ ಹೆದರುವುದಿಲ್ಲವಲ್ಲ!

ಮಕ್ಕಳು ಹಣ್ಣಲ್ಲ, ಅವರಿಗೆ ಸ್ವಂತ ಮನಸ್ಸಿದೆ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಆದ್ದರಿಂದಲೇ ಮಾಗುವ ದಿನವನ್ನು ನಾವು ಗೊತ್ತುಮಾಡಲಾರೆವು. ನಮ್ಮ ಕೈಯಲ್ಲಿರುವುದು ಎಲೆಗಳನ್ನು ಹಸಿರಾಗಿಡುವುದು. ಕಾಯಿ ದಪ್ಪಗಾಯಿತು, ಇನ್ನೇನು ಕೆಲಸವಿಲ್ಲ ಎಂದು ಬಳ್ಳಿಯ ಕಡೆ ನೋಡುವುದನ್ನು ಬಿಟ್ಟರೆ ಬೂದಿ ರೋಗ ಬಂದು ಎಲೆ ಒಣಗುತ್ತದೆ. ಗಾತ್ರ ಬಂದ ಹಣ್ಣು ಸಪ್ಪೆಯಾಗಿ ಉಳಿಯುತ್ತದೆ. ಮಕ್ಕಳು ನಮ್ಮೆತ್ತರಕ್ಕೆ ಬೆಳೆದ ಆ ಎರಡು ಮೂರು ವರ್ಷಗಳಲ್ಲೂ ಅವರಿಗೆ ನಮ್ಮ ಸಮಯ ಬೇಕು. ಬುದ್ಧಿವಾದ ಕಡಿಮೆಯಿದ್ದರೂ ನಡೆದೀತು. ಹಾಗೆಯೇ ಕಳಚಿದ ಹಣ್ಣನ್ನು ಎತ್ತಿಕೊಳ್ಳಲು ಯಾರಾದರೂ ಹತ್ತಿರವಿರಬೇಕು. ಇಲ್ಲದಿದ್ದರೆ ಇರುವೆಗೋ ರಕೂನಿಗೋ ಪಾಲಾಗಿ, ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಬಿಟ್ಟುಕೊಡುವುದೆಂದರೆ ಕೈಬಿಡುವುದಲ್ಲ.

ನಾಲ್ಕು ಬಳ್ಳಿ ಹಾಕಿದರೆ ಹಣ್ಣುಗಳು ಹೆಚ್ಚುಕಡಿಮೆ ಎರಡು ಮೂರು ವಾರಗಳಲ್ಲಿ ಒಟ್ಟಿಗೆ ಮಾಗುತ್ತವೆ. ಒಂದು ಮನೆಗೆ ಅದು ಹೆಚ್ಚೇ. ಬೆಲ್ಲ, ತೆಂಗಿನಹಾಲು, ಚೂರು ಏಲಕ್ಕಿ ಸೇರಿಸಿದ ರಸಾಯನ ಮನೆಗಿರಲಿ, ಮಿಕ್ಕಿದ ಹಣ್ಣು ನೆರೆಮನೆಗೆ ಹೋಗಲಿ. ಈ ಸಲ ಮಕ್ಕಳು ಹೊರಡುವ ಮನೆಯವರು ವಸಂತದಲ್ಲೇ ಬೀಜ ಹಾಕಲಿ ಎಂದು ಕೋರುತ್ತೇವೆ. ಡಾರ್ಮಿಗೆ ಸಾಮಾನು ತುಂಬಿದ ವ್ಯಾನಿನಲ್ಲಿ ಒಂದು ಕರಬೂಜಕ್ಕೆ ಯಾವಾಗಲೂ ಜಾಗವಿರುತ್ತದೆ.