ಬೀಜವೂ ಕಡ್ಡಿಯೂ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಯಾವ ಗೃಹಸ್ಥನಿಗಾದರೂ ಹಿತ್ತಲಲ್ಲಿ ದ್ರಾಕ್ಷಿಯ ಬೀಜವನ್ನೂರಿ ನೋಡುವ ಮನಸ್ಸಾಗಬಹುದು. ಬೀಜವಿಲ್ಲದ ಥಾಮ್ಸನ್ ಹಣ್ಣಿನಿಂದ ಇದಾಗದು. ಬೀಜವುಳ್ಳ ಕಪ್ಪು ದ್ರಾಕ್ಷಿ ಬೇಕು. ಬೀಜಗಳನ್ನು ತೊಳೆದು, ಒದ್ದೆ ಮರಳಿನೊಡನೆ ಎರಡು ಮೂರು ತಿಂಗಳು ತಂಪಿನಲ್ಲಿರಿಸಿ ಬಿತ್ತಬೇಕು. ನಮ್ಮ ಸೀಮೆಯ ಚಳಿ ಅದಕ್ಕೆ ಸಾಲದು, ಫ್ರಿಜ್ಜೇ ಗತಿ! ಫಲಕ್ಕೆ ಮೂರು ವರ್ಷವಾದರೂ ಕಾಯಬೇಕು. ಇಷ್ಟಾಗಿಯೂ ಹಣ್ಣು ತಾಯಿಬಳ್ಳಿಯದರಂತಿರುವ ಭರವಸೆಯಿಲ್ಲ, ಹುಳಿಯೂ ಆದೀತು. ತಾಯಿಯ ಗುಣವೇ ಬೇಕೆಂಬವರು ಕಡ್ಡಿಯನ್ನು ನೆಡುವರು. ವಿಜಯಪುರದ ಕಡೆಯ ತೋಟಗಳಲ್ಲಿ ಡಾಗ್‌ರಿಡ್ಜ್ ಎಂಬ ಕಾಡುಜಾತಿಯ ಬೇರಿಗೆ ಸಿಹಿಜಾತಿಯ ಕಡ್ಡಿಯನ್ನು ಕಸಿಕಟ್ಟುವರು. ಹಣ್ಣು ತಿನ್ನುವವನು ಬೇರಿನ ಕುಲವನ್ನು ವಿಚಾರಿಸುವುದಿಲ್ಲ.

ಭಕ್ತನ ಮನೆಯಲ್ಲಿ ಜನಿಸಿದ ಮಾತ್ರಕ್ಕೆ ಮಕ್ಕಳು ಭಕ್ತರಾದರೆಂಬ ನಮ್ಮ ನೆಮ್ಮದಿ ಎಷ್ಟರಮಟ್ಟಿಗೆ ಸರಿ? 12ನೆಯ ಶತಮಾನದಲ್ಲಿ ಬಸವಣ್ಣನವರು ಮಾದಾರ ಚೆನ್ನಯ್ಯನನ್ನು ತಮ್ಮ ತಂದೆಯೆಂದೇ ಕರೆದರು. ಆ ಸಂಬಂಧ ಹುಟ್ಟಿನಿಂದ ಬಂದುದಲ್ಲ. ಸಂಸ್ಕಾರದ ಕಸಿಯಿಂದ ಕೂಡಿಬಂದುದು. ನಾವಾದರೋ ಮಕ್ಕಳ ಕೊರಳಿಗೆ ಲಿಂಗವನ್ನು ಕಟ್ಟಿ, ಅವರೊಡನೆ ಕುಳಿತು ಒಂದು ವಚನದ ಅರ್ಥವನ್ನೂ ವಿಚಾರಿಸದೆ ಸುಮ್ಮನಾಗುತ್ತೇವೆ.

ಹಾಗೆಂದು ಬೀಜವನ್ನು ಹಳಿಯಲಾಗದು. ಹೆಸರಘಟ್ಟದ ಸಂಶೋಧನಾ ಸಂಸ್ಥೆಯ ಅರ್ಕಾವತಿ ತಳಿಯೂ ಎರಡು ಜಾತಿಗಳನ್ನು ಕೂಡಿಸಿ ಪಡೆದ ಸಸಿಯೇ. ಮಗನು ತನ್ನಂತಾಗಲಿಲ್ಲವೆಂದು ಕೊರಗುವ ತಂದೆಯು, ಅವನಲ್ಲಿ ಮೂಡಿರಬಹುದಾದ ಬೇರೊಂದು ಸಿಹಿಯನ್ನು ಒಮ್ಮೆಯಾದರೂ ರುಚಿ ನೋಡಿದ್ದಾನೆಯೇ?